ಧ್ವನಿತಂತುವಿನ ಗಾಯದ ಕಲೆಗೆ ಗ್ರಾಫ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯಲ್ಲಿ ಧ್ವನಿ ಚಿಕಿತ್ಸೆ ಮಾಡುವವಳು. ಗ್ರಾಫ್ಟ್ ಅಂದರೆ ನಿಮ್ಮದೇ ಮೈಯ ಬೇರೆ ಕಡೆಯಿಂದ ಒಂದು ಚೂರು ತೆಗೆದು ಧ್ವನಿತಂತುವಿನೊಳಗೆ ಕೂರಿಸುವುದು. ಆ ಆಪರೇಷನ್ ಮಾಡುವುದು ಇಎನ್‌ಟಿ ಡಾಕ್ಟರು. ಅದಕ್ಕೆ ಮುಂಚೆ ಮತ್ತು ಆಮೇಲೆ ದನಿಯನ್ನು ಹದಕ್ಕೆ ತರುವ ಕೆಲಸ ನಮ್ಮದು. ಅಥಣಿ, ಗೋಕಾಕ, ಜಮಖಂಡಿ, ಬನಹಟ್ಟಿ, ಇಂಡಿ, ಸಿಂದಗಿ ಕಡೆಯಿಂದ ಬರುವ ಮಂದಿ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೆಲವರಿಗೆ ಆಪರೇಷನ್ ತಾರೀಕು ಕೂಡ ಗೊತ್ತಾಗಿರುತ್ತದೆ, ಒಳಗೆ ಏನು ಮಾಡುತ್ತಾರೆ ಅನ್ನುವುದು ಮಾತ್ರ ಗೊತ್ತಿರುವುದಿಲ್ಲ. ಹಾಗೆ ಆಗಬಾರದು ಅಂತಲೇ ಇದನ್ನು ಬರೆದಿದ್ದೇನೆ.

ಧ್ವನಿತಂತುವಿನಲ್ಲಿ ಕಲೆ ಅಂದರೆ ಏನು? ಅದರಿಂದ ದನಿ ಯಾಕೆ ಕೆಡುತ್ತದೆ?

ಗಂಟಲಿನ ಮುಂದೆ ಕೈಗೆ ಸಿಗುವ ಗಟ್ಟಿ ಗಂಟಿನ ಒಳಗೆ ಎರಡು ಸಣ್ಣ ಮಡಿಕೆಗಳಿವೆ. ಅವೇ ಧ್ವನಿತಂತುಗಳು. ದವಾಖಾನೆಯಲ್ಲಿ ವೋಕಲ್ ಕಾರ್ಡ್ ಅಂತಾರೆ. ಗಂಡಸರಲ್ಲಿ ಸುಮಾರು 2 ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ ಸುಮಾರು ಒಂದೂವರೆ. ಕೆಳಗಿನಿಂದ ಉಸಿರು ಬಂದಾಗ ಇವೆರಡೂ ಹತ್ತಿರ ಸರಿದು ಕಂಪಿಸುತ್ತವೆ. ಗಂಡಸರು ಮಾತಾಡುವಾಗ ಸೆಕೆಂಡಿಗೆ 100ರಿಂದ 120 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಶಾಲೆಯ ಅಕ್ಕೋರು ಒಂದು ಗಂಟೆ ಎಡೆಬಿಡದೆ ದನಿ ತೆಗೆದರೆ ಈ ಮಡಿಕೆಗಳು 7 ಲಕ್ಷಕ್ಕೂ ಜಾಸ್ತಿ ಸಲ ಒಂದಕ್ಕೊಂದು ತಾಗುತ್ತವೆ.

ಇವು ಬರೀ ತಂತಿಗಳಲ್ಲ, ಪದರ ಪದರವಾಗಿವೆ ಎಂದು 1974ರಲ್ಲಿ ಜಪಾನಿನ ಮಿನೋರು ಹಿರಾನೋ ವಿವರಿಸಿದರು. ಮೇಲೆ ತೆಳು ಪೊರೆ. ಅದರಡಿ ಒಂದು ಮಿಲಿಮೀಟರಿಗಿಂತ ತೆಳುವಾದ ಮೆತ್ತನೆಯ ಪದರ. ಅದರ ಕೆಳಗೆ ಗಟ್ಟಿ ನಾರು, ಎಲ್ಲಕ್ಕೂ ಕೆಳಗೆ ಸ್ನಾಯು. ದನಿಯ ಇಂಪೆಲ್ಲ ಆ ಮೆತ್ತನೆಯ ಪದರದಲ್ಲೇ ಇದೆ. ಇಳಕಲ್ ಸೀರೆಯ ಸೆರಗು ಗಾಳಿಗೆ ಅಲೆಯುವುದು ಅದು ಮೈಗೆ ಅಂಟಿಕೊಂಡಿಲ್ಲ ಅಂತ. ಅದೇ ಸೆರಗನ್ನು ಕುಪ್ಪಸಕ್ಕೆ ಹೊಲಿದುಬಿಟ್ಟರೆ ಎಷ್ಟು ಗಾಳಿ ಬೀಸಿದರೂ ಅಲೆಯುವುದಿಲ್ಲ. ಕಲೆ ಮಾಡುವುದು ಇದನ್ನೇ. ಮೇಲಿನ ಪೊರೆ ಕೆಳಗಿನ ನಾರಿಗೆ ಅಂಟಿಕೊಳ್ಳುತ್ತದೆ. ನೀರು ಹಿಡಿದಿಡುವ ಹೈಯಲುರಾನಿಕ್ ಆಮ್ಲ ಕಡಿಮೆಯಾಗಿ, ಕೊಲಾಜೆನ್ ನಾರು ಅಡ್ಡಾದಿಡ್ಡಿ ಬೆಳೆಯುತ್ತದೆ. ಮಡಿಕೆ ಬಿರುಸಾಗುತ್ತದೆ, ಎರಡರ ನಡುವೆ ಸಂದು ಉಳಿಯುತ್ತದೆ. ಆ ಸಂದಿನಿಂದ ಗಾಳಿ ಸೋರಿ ದನಿ ಒಡಕಾಗುತ್ತದೆ, ಬೇಗ ದಣಿಯುತ್ತದೆ, ಮೇಲಿನ ಸ್ವರ ಹತ್ತುವುದೇ ಇಲ್ಲ.

ನನಗೆ ಈ ಕಲೆ ಎಲ್ಲಿಂದ ಬಂತು?

ಹೆಚ್ಚಾಗಿ ಹಿಂದಿನ ಒಂದು ಆಪರೇಷನ್‌ನಿಂದ. ಧ್ವನಿತಂತುವಿನ ಮೇಲೆ ಬೆಳೆದ ಪಾಲಿಪ್ (ಮೆತ್ತನೆಯ ಬೆಳವಣಿಗೆ) ಅಥವಾ ಸಿಸ್ಟ್ (ಒಳಗೆ ತುಂಬಿಕೊಂಡ ಸಣ್ಣ ಚೀಲ) ತೆಗೆಯುವಾಗ ಕತ್ತರಿ ಆ ಮೆತ್ತನೆಯ ಪದರ ದಾಟಿ ಆಳಕ್ಕೆ ಹೋದರೆ, ಅಥವಾ ಲೇಸರ್ ಬಿಸಿ ಜಾಸ್ತಿ ತಗುಲಿದರೆ, ಗಾಯ ಮಾಯುವಾಗ ಕಲೆ ಉಳಿಯುತ್ತದೆ. ಗಂಟಲು ಕ್ಯಾನ್ಸರಿಗೆ ಕೊಟ್ಟ ರೇಡಿಯೇಷನ್, ಕುತ್ತಿಗೆಗೆ ಬಿದ್ದ ಪೆಟ್ಟು, ಗಂಟಲಿನ ಕ್ಷಯ ಇವೂ ಕಾರಣ. ಕೆಲವರಿಗೆ ಮಡಿಕೆಯ ಅಂಚಿನಲ್ಲಿ ಹುಟ್ಟಿನಿಂದಲೇ ಒಂದು ಗೀರು ಇರುತ್ತದೆ. ಅದಕ್ಕೆ ಸಲ್ಕಸ್ ಅಂತಾರೆ, ಅದರ ಚಿಕಿತ್ಸೆಯೂ ಹೆಚ್ಚುಕಮ್ಮಿ ಇದೇ.

ನಮ್ಮ ಭಾಗದಲ್ಲಿ ಇನ್ನೊಂದು ಕಾರಣವೂ ಇದೆ. ಹೊಲಕ್ಕೆ ಹೊಡೆಯುವ ಕೀಟನಾಶಕ ಮೈಗೆ ಸೇರಿಯೋ ಹಾವು ಕಡಿದೋ ದಿನಗಟ್ಟಲೆ ವೆಂಟಿಲೇಟರ್ ಮೇಲಿದ್ದು ಬದುಕಿ ಬಂದವರು. ಜೀವ ಉಳಿಸಿದ ಆ ಕೊಳವೆಯೇ ಗಂಟಲಲ್ಲಿ ಗಾಯ ಬಿಟ್ಟಿರುತ್ತದೆ. ಇವರಲ್ಲಿ ಕಲೆ ಹೆಚ್ಚಾಗಿ ಮಡಿಕೆಗಳ ಹಿಂಭಾಗದಲ್ಲಿ ಆಗುತ್ತದೆ. ಉಸಿರಾಡುವಾಗ ಸೀಟಿ ಹೊಡೆದಂತೆ ಸದ್ದು ಬಂದರೆ ತಡ ಮಾಡಬೇಡಿ. ಅಲ್ಲಿ ದನಿಗಿಂತ ಉಸಿರಿನ ದಾರಿ ಮುಖ್ಯ, ಅದರ ಆಪರೇಷನ್ ಕೂಡ ಬೇರೆ.

ಜೋರಾಗಿ ಕೂಗಿ ಕೂಗಿ ಕಲೆ ಆಗುತ್ತದೆಯಾ?

ಕೂಗುವುದರಿಂದ ಮೊದಲು ಆಗುವುದು ಗಂಟು, ಅಂದರೆ ನಾಡ್ಯೂಲ್. ಮಾಸ್ತರರು, ಎಪಿಎಂಸಿಯಲ್ಲಿ ಲಿಲಾವು ಕೂಗುವವರು, ಪವರ್‌ಲೂಮ್ ಸದ್ದಿನ ಮೇಲೆ ದನಿ ಏರಿಸುವ ಬನಹಟ್ಟಿ ಕಡೆಯವರು, ರಾತ್ರಿಯಿಡೀ ಸಣ್ಣಾಟ ಆಡುವವರು, ಇವರಲ್ಲಿ ಗಂಟು ಜಾಸ್ತಿ. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಗಂಟು ಬಹಳ ಮಂದಿಗೆ ಧ್ವನಿ ಚಿಕಿತ್ಸೆಯಿಂದಲೇ ಕರಗುತ್ತದೆ. ಚಿಕಿತ್ಸೆ ಮಾಡಿ ನೋಡದೆ ಅದನ್ನು ಕತ್ತರಿಸಲು ಒಪ್ಪಬೇಡಿ. ಇಲ್ಲಿ ಬರೆದಿರುವ ಇಷ್ಟೂ ಕಷ್ಟಕ್ಕೆ ಎಷ್ಟೋ ಸಲ ಮೂಲ, ಅವಸರದಲ್ಲಿ ಮಾಡಿಸಿಕೊಂಡ ಆ ಮೊದಲ ಆಪರೇಷನ್.

ಇದು ಕಲೆಯೇ ಅಂತ ಖಾತ್ರಿ ಆಗುವುದು ಹೇಗೆ?

ಸ್ಟ್ರೋಬೋಸ್ಕೋಪಿಯಿಂದ. ಬಾಯಿಯಿಂದ ಅಥವಾ ಮೂಗಿನಿಂದ ಕ್ಯಾಮೆರಾ ಇಳಿಸಿ ‘ಈ’ ಅನ್ನಿ ಅಂತಾರೆ. ಮಡಿಕೆ ಕಂಪಿಸುವ ವೇಗಕ್ಕಿಂತ ಚೂರೇ ಚೂರು ಹೆಚ್ಚುಕಮ್ಮಿ ವೇಗದಲ್ಲಿ ಬೆಳಕು ಮಿನುಗುತ್ತದೆ. ಹಾಗಾಗಿ ಕಣ್ಣಿಗೆ ಸಿಗದ ಕಂಪನ ಪರದೆಯ ಮೇಲೆ ನಿಧಾನವಾಗಿ ಕಾಣುತ್ತದೆ. ಸರಿ ಇರುವ ಮಡಿಕೆಯ ಮೇಲೆ ಒಂದು ಅಲೆ ಒಳ ಅಂಚಿನಿಂದ ಹೊರಕ್ಕೆ ಸರಿಯುವುದನ್ನು ನೀವೇ ನೋಡಬಹುದು. ಕಲೆ ಇರುವ ಕಡೆ ಆ ಅಲೆ ಬಂದು ನಿಂತುಬಿಡುತ್ತದೆ.

ಮಾಮೂಲಿ ದುರ್ಬೀನಿನಲ್ಲಿ ನೋಡಿದರೆ ಇದು ತಪ್ಪಿಹೋಗಬಹುದು. ಮಡಿಕೆ ಬೆಳ್ಳಗೆ, ನೇರವಾಗಿ, ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ‘ನಿಮಗೇನೂ ಆಗಿಲ್ಲ, ಸುಮ್ನೆ ಚಿಂತೆ ಮಾಡ್ತೀರಿ’ ಅಂತ ಹೇಳಿಸಿಕೊಂಡು ವರ್ಷಗಟ್ಟಲೆ ಒದ್ದಾಡಿದವರನ್ನು ನಾನು ನೋಡಿದ್ದೇನೆ. ಸ್ಟ್ರೋಬ್ ಮಾಡದೆ ಗ್ರಾಫ್ಟ್ ಮಾತೆತ್ತಿದರೆ, ಮೊದಲು ಅದನ್ನು ಮಾಡಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಅಂದ ಹಾಗೆ, ಹಾಡುವ ಗಂಟಲಿನ ಧ್ವನಿತಂತುಗಳನ್ನು 1854ರಲ್ಲಿ ಕನ್ನಡಿ ಹಿಡಿದು ನೋಡಿದ ಮಾನುಯೆಲ್ ಗಾರ್ಸಿಯಾ ಡಾಕ್ಟರಲ್ಲ, ಸಂಗೀತದ ಮೇಷ್ಟ್ರು. ನೋಡಿದ್ದು ತಮ್ಮದೇ ಗಂಟಲನ್ನು.

ಥೈರಾಯ್ಡ್ ಆಪರೇಷನ್ ಆದಮೇಲೆ ದನಿ ಹೋಯಿತು. ಅದಕ್ಕೂ ಗ್ರಾಫ್ಟ್ ಆಗುತ್ತದೆಯಾ?

ಅಲ್ಲಿ ಸಾಮಾನ್ಯವಾಗಿ ಪೆಟ್ಟಾಗಿರುವುದು ನರಕ್ಕೆ. ಮಡಿಕೆ ಮೆತ್ತಗೇ ಇರುತ್ತದೆ, ಆದರೆ ಅಲುಗುವುದಿಲ್ಲ. ಅದಕ್ಕೆ ಮಡಿಕೆಯನ್ನು ನಡುವಿಗೆ ತಳ್ಳುವ ಥೈರೋಪ್ಲಾಸ್ಟಿ ಅಥವಾ ಇಂಜೆಕ್ಷನ್ ಬೇರೆ ಇದೆ.

ಕಲೆ ಇದ್ದವರೆಲ್ಲ ಆಪರೇಷನ್ ಮಾಡಿಸಲೇಬೇಕಾ?

ಇಲ್ಲ. ಗಾಯ ಆಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ಕಲೆ ತಾನೇ ಬದಲಾಗುತ್ತಾ ಹೋಗುತ್ತದೆ, ಸ್ವಲ್ಪ ಮೆತ್ತಗೂ ಆಗುತ್ತದೆ. ಅಲ್ಲಿಯವರೆಗೆ ಕತ್ತರಿ ಹಾಕದೆ ಧ್ವನಿ ಚಿಕಿತ್ಸೆ ಮಾಡುವುದು ಒಳ್ಳೆಯದು. ಚಿಕಿತ್ಸೆಯಿಂದ ಕಲೆ ಹೋಗುವುದಿಲ್ಲ. ಆದರೆ ಕಲೆಯನ್ನು ಮೀರಿ ಮಾತಾಡಲು ಮೈ ಕಲಿತುಕೊಂಡ ಹಿಸುಕಾಟ, ಕುತ್ತಿಗೆ ಬಿಗಿತ ಹೋಗುತ್ತವೆ. ಎಷ್ಟೋ ಜನರ ತೊಂದರೆಯಲ್ಲಿ ಅರ್ಧ ಭಾಗ ಆ ಹಿಸುಕಾಟದ್ದೇ. ಕೆಲವರಿಗೆ ಡಾಕ್ಟರು ಸ್ಟೀರಾಯ್ಡ್ ಅಥವಾ ಹೈಯಲುರಾನಿಕ್ ಆಮ್ಲದ ಇಂಜೆಕ್ಷನ್ ಕೊಟ್ಟು ನೋಡುತ್ತಾರೆ. ಮಾಸ್ತರರಿಗೆ ಸೊಂಟಕ್ಕೆ ಕಟ್ಟುವ ಸಣ್ಣ ಮೈಕ್ ಒಂದೇ ಸಾಕಾಗಿದ್ದೂ ಇದೆ. ಇಷ್ಟೆಲ್ಲ ಆದಮೇಲೂ ಕೆಲಸ ನಡೆಯುವುದಿಲ್ಲ, ಮನೆಯಲ್ಲಿ ಮಾತೇ ಕಷ್ಟ ಅಂದರೆ ಗ್ರಾಫ್ಟ್ ವಿಚಾರ ಮಾಡೋಣ.

ಗ್ರಾಫ್ಟ್‌ಗೆ ಏನನ್ನು, ಎಲ್ಲಿಂದ ತೆಗೆಯುತ್ತಾರೆ?

ನಿಮ್ಮ ಮೈಯಿಂದಲೇ. ಮುಖ್ಯವಾಗಿ ಎರಡು ಬಗೆ.

ಒಂದು, ಕೊಬ್ಬು. ಹೊಕ್ಕುಳ ಸುತ್ತ ಅಥವಾ ತೊಡೆಯಿಂದ ಚೂರು ತೆಗೆದು, ತೊಳೆದು, ಮಡಿಕೆಯೊಳಗೆ ಸೂಜಿಯಿಂದ ಹಾಕುತ್ತಾರೆ. ಅಥವಾ ಕಲೆ ಬಿಡಿಸಿದ ಜಾಗದಲ್ಲಿ ಸಣ್ಣ ತುಣುಕಾಗಿ ಇಡುತ್ತಾರೆ. ಅದರಲ್ಲಿ ಒಂದಿಷ್ಟು ಮೈಗೆ ಕರಗಿ ಹೋಗುತ್ತದೆ. ಅದಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ತುಂಬುತ್ತಾರೆ. ಮೊದಲ ವಾರಗಳಲ್ಲಿ ದನಿ ದಪ್ಪಗೆ, ಕಟ್ಟಿಕೊಂಡಂತೆ ಇರುವುದಕ್ಕೆ ಇದೂ ಕಾರಣ.

ಇನ್ನೊಂದು, ಕಿವಿಯ ಮೇಲ್ಗಡೆ ಇರುವ ಸ್ನಾಯುವಿನ ಹೊದಿಕೆ, ಟೆಂಪೊರಾಲಿಸ್ ಫೇಸಿಯಾ. ಇದನ್ನು ಧ್ವನಿತಂತುವಿನೊಳಗೆ ಕೂರಿಸುವ ವಿಧಾನವನ್ನು 1990ರ ದಶಕದ ಕೊನೆಯಲ್ಲಿ ಜಪಾನಿನ ಕೋಯಿಚಿ ತ್ಸುನೋಡಾ ಮತ್ತು ಜೊತೆಗಾರರು ಪ್ರಕಟಿಸಿದರು. ನಮ್ಮ ಊರುಗಳ ಇಎನ್‌ಟಿ ಡಾಕ್ಟರಿಗೆ ಈ ಹೊದಿಕೆ ಹೊಸದೇನಲ್ಲ. ಕಿವಿ ತಮಟೆ ತೂತಾದಾಗ ಮುಚ್ಚುವುದು ಇದರಿಂದಲೇ. ತೆಗೆಯುವ ಕೈ ಬಹಳಷ್ಟು ಕಡೆ ಇದೆ, ಅದನ್ನು ಗಂಟಲಿನೊಳಗೆ ಕೂರಿಸಿ ಪಳಗಿದ ಕೈ ಕಡಿಮೆ.

ಎರಡರಲ್ಲಿ ಯಾವುದು ವಾಸಿ? ಎಲ್ಲರಿಗೂ ಇದೇ ಸರಿ ಅನ್ನುವ ವಿಧಾನ ಜಗತ್ತಿನಲ್ಲಿ ಇನ್ನೂ ಎಲ್ಲೂ ನಿಂತಿಲ್ಲ. ಕಲೆ ಎಷ್ಟು ಉದ್ದ, ಎಷ್ಟು ಆಳ, ಸಂದು ಎಷ್ಟು ಅಗಲ ಅನ್ನುವುದರ ಮೇಲೆ ಡಾಕ್ಟರು ಆರಿಸುತ್ತಾರೆ. ಇದೊಂದೇ ದಾರಿ ಅಂತ ಯಾರಾದರೂ ಅಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಆಪರೇಷನ್ ದಿನ ಒಳಗೆ ಏನೇನು ನಡೆಯುತ್ತದೆ?

ಫೇಸಿಯಾ ಗ್ರಾಫ್ಟ್ ಹೇಗೆ ಮಾಡುತ್ತಾರೆ ಅಂತ ಹೇಳುತ್ತೇನೆ. ಪೂರ್ತಿ ಅರಿವಳಿಕೆ ಕೊಟ್ಟು, ಉಸಿರಿಗೆ ಸಣ್ಣ ಕೊಳವೆ ಹಾಕುತ್ತಾರೆ. ಮೊದಲು ಕಿವಿಯ ಮೇಲೆ, ಕೂದಲಿನ ಗೆರೆಯ ಒಳಗೆ ಒಂದು ಸಣ್ಣ ಗಾಯ ಮಾಡುತ್ತಾರೆ. ಚರ್ಮ ಸರಿಸಿದರೆ ಕೆಂಪು ಸ್ನಾಯುವಿನ ಮೇಲೆ ಬೆಳ್ಳಗೆ ಹೊಳೆಯುವ ಹೊದಿಕೆ ಸಿಗುತ್ತದೆ. ಬೇಕಾದಷ್ಟು ಕತ್ತರಿಸಿ, ಹರವಿ, ಅಂಟಿಕೊಂಡ ಸ್ನಾಯುವಿನ ಎಳೆಗಳನ್ನೆಲ್ಲ ಹೆರೆದು ಒಪ್ಪ ಮಾಡಿ ಬದಿಗಿಡುತ್ತಾರೆ. ಆ ಗಾಯಕ್ಕೆ ಹೊಲಿಗೆ ಹಾಕಿದರೆ ಅಲ್ಲಿನ ಕೆಲಸ ಮುಗಿಯಿತು.

ಆಮೇಲೆ ಬಾಯಿಯಿಂದ ಒಂದು ಲೋಹದ ಕೊಳವೆ ಇಳಿಸಿ, ಅದು ಅಲುಗದಂತೆ ಕಟ್ಟಿ, ದೂರದಿಂದ ಮೈಕ್ರೋಸ್ಕೋಪು ಹಾಯಿಸುತ್ತಾರೆ. ಡಾಕ್ಟರ ಕೈಯಲ್ಲಿರುವುದು ಉದ್ದನೆಯ ತೆಳು ಉಪಕರಣಗಳು, ತುದಿ ಒಂದೆರಡು ಮಿಲಿಮೀಟರ್. ಮಡಿಕೆಯ ಕಂಪಿಸುವ ಅಂಚನ್ನು ಮುಟ್ಟದೆ, ಮೇಲ್ಭಾಗದಲ್ಲಿ ಸ್ವಲ್ಪ ಹೊರಗಡೆಗೆ ಗೀರು ಹಾಕುತ್ತಾರೆ. ಉಪ್ಪುನೀರು ಚುಚ್ಚಿ ಪದರ ಉಬ್ಬಿಸಿ, ಅಂಟಿಕೊಂಡ ಪೊರೆಯನ್ನು ಕಲೆಯಿಂದ ಎಳೆಎಳೆಯಾಗಿ ಬಿಡಿಸುತ್ತಾರೆ. ಇಡೀ ಆಪರೇಷನ್ನಿನಲ್ಲಿ ಕಷ್ಟದ ಹೊತ್ತು ಇದೇ. ಪೊರೆ ಅಷ್ಟು ತೆಳು, ಒಂದು ಕಡೆ ಹರಿದರೆ ಹೊಸ ಕಲೆಗೆ ದಾರಿ. ಬಿಡಿಸಿದ ಜಾಗ ಒಂದು ಕಿಸೆಯಷ್ಟಾದಾಗ ಫೇಸಿಯಾ ತುಣುಕನ್ನು ಒಳಗೆ ಹರವಿ, ಒಂದು ಸೂಕ್ಷ್ಮ ಹೊಲಿಗೆಯಿಂದಲೋ ಅಂಟಿನಿಂದಲೋ ಬಾಯಿ ಮುಚ್ಚುತ್ತಾರೆ. ಹೊರಗೆ ಕುತ್ತಿಗೆಯ ಮೇಲೆ ಗಾಯ ಇರುವುದಿಲ್ಲ. ಕುತ್ತಿಗೆ ಮುಂದೆ ಸಣ್ಣ ಗಾಯ ಮಾಡಿ ಧ್ವನಿಪೆಟ್ಟಿಗೆಯ ಮೆದು ಎಲುವಿನಲ್ಲಿ (ಕಾರ್ಟಿಲೇಜ್) ಕಿಂಡಿ ಕೊರೆದು ಹೋಗುವ ಮಿನಿಥೈರಾಟಮಿ ವಿಧಾನವೂ ಇದೆ, ಅದು ಬೇಕಾಗುವುದು ಕೆಲವರಿಗೆ ಮಾತ್ರ.

ನನ್ನ ಅಣ್ಣನ ಮೈಯಿಂದ ತೆಗೆದು ಹಾಕಬಹುದಾ?

ಬೇಡ. ನಿಮ್ಮದೇ ಆದರೆ ಮೈ ಅದನ್ನು ದೂರ ತಳ್ಳುವುದಿಲ್ಲ.

‘ನನ್ನ ದನಿ ಮೊದಲಿನಂಗ ಆಗತೈತೇನ್ರಿ?’

ಎಲ್ಲರೂ ಕೇಳುವುದು ಇದನ್ನೇ, ಸಾಮಾನ್ಯವಾಗಿ ಎದ್ದು ಹೋಗುವ ಹೊತ್ತಿಗೆ. ಮೊದಲಿನ ಹಾಗೇ ಆಗುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕಲೆಯನ್ನು ಪೂರ್ತಿ ಅಳಿಸುವ ಆಪರೇಷನ್ ಇವತ್ತು ಇಲ್ಲ. ಗ್ರಾಫ್ಟ್ ಮಾಡುವುದು ಎರಡು ಕೆಲಸ: ನಡುವಿನ ಸಂದು ಕಡಿಮೆ ಮಾಡುತ್ತದೆ, ಪೊರೆ ಮತ್ತೆ ನಾರಿಗೆ ಅಂಟದಂತೆ ನಡುವೆ ಒಂದು ಪದರ ಇಡುತ್ತದೆ. ಸರಿಯಾಗಿ ಕೂತರೆ ಗಾಳಿ ಸೋರುವುದು ತಗ್ಗುತ್ತದೆ, ಒಂದು ಉಸಿರಿಗೆ ಹೆಚ್ಚು ಮಾತು ಬರುತ್ತದೆ, ಸಂಜೆಗೆ ಗಂಟಲು ಸೋಲುವುದಿಲ್ಲ. ಫೋನಿನಲ್ಲಿ ‘ಯಾರು ಮಾತಾಡೋದು?’ ಅಂತ ಪದೇ ಪದೇ ಕೇಳಿಸಿಕೊಳ್ಳುವುದು ನಿಲ್ಲುತ್ತದೆ. ಇವು ಸಣ್ಣ ಸಂಗತಿಗಳಲ್ಲ. ಕೆಲವರಿಗೆ ಮಾತು ಸುಧಾರಿಸುತ್ತದೆ, ಹಾಡು ಸುಧಾರಿಸುವುದಿಲ್ಲ. ಕೆಲವರಿಗೆ ಬದಲಾವಣೆಯೇ ಗೊತ್ತಾಗುವುದಿಲ್ಲ, ಅಪರೂಪಕ್ಕೆ ಇನ್ನೂ ಕೆಡುವುದೂ ಉಂಟು. ಹಾಡುವವರು ಇದನ್ನು ಕೇಳಿಸಿಕೊಂಡು, ಮನೆಯಲ್ಲಿ ಕೂತು ಯೋಚಿಸಿ, ಆಮೇಲೆ ಒಪ್ಪಿಗೆ ಕೊಡಬೇಕು.

ಕಾಯುವ ತಾಳ್ಮೆಯೂ ಬೇಕು. ಮೊದಲ ಕೆಲವು ವಾರ ದನಿ ಮೊದಲಿಗಿಂತ ಕೆಟ್ಟಿರುತ್ತದೆ. ಗಾಬರಿ ಬೇಡ. ನಿಜವಾದ ಫಲ ಕಾಣಲು ತಿಂಗಳುಗಳು ಬೇಕು, ಫೇಸಿಯಾ ಆದರೆ ಒಂದು ವರ್ಷದವರೆಗೂ ಸುಧಾರಣೆ ನಡೆಯುತ್ತಿರುತ್ತದೆ.

ಕುಮಾರ ಗಂಧರ್ವರ ದನಿ ಮರಳಿ ಬಂತಲ್ಲ, ನಮಗೂ ಬರಬಾರದಾ?

ಬೆಳಗಾವಿಯಲ್ಲಿ ಈ ಪ್ರಶ್ನೆ ಬರದೆ ಇರುತ್ತದೆಯೇ? ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ್ದು ಇಲ್ಲೇ ಪಕ್ಕದ ಸುಳೇಭಾವಿಯಲ್ಲಿ. ಕ್ಷಯದಿಂದ ವರ್ಷಗಟ್ಟಲೆ ಹಾಡು ನಿಲ್ಲಿಸಿ, 1953ರಲ್ಲಿ ಮತ್ತೆ ಕಛೇರಿಗೆ ಕೂತರು. ಆದರೆ ರೋಗ ತಿಂದದ್ದು ಅವರ ಶ್ವಾಸಕೋಶವನ್ನು. ಉಸಿರು ಕಡಿಮೆಯಾಯಿತು, ಆ ಉಸಿರಿಗೆ ಒಗ್ಗುವ ಹಾಡುಗಾರಿಕೆಯನ್ನು ಅವರು ಕಟ್ಟಿಕೊಂಡರು. ನಿಮ್ಮದು ಬೇರೆ ತೊಂದರೆ. ಆದರೂ ಇರುವ ಶಕ್ತಿಗೆ ತಕ್ಕ ಹಾಗೆ ಹಾಡು ಕಟ್ಟಿಕೊಳ್ಳುವುದು ನಿಮಗೂ ಆಗುವ ಕೆಲಸ. ಶ್ರುತಿ ಒಂದೆರಡು ಮನೆ ಇಳಿಸಿ ಭಜನೆಗೆ ಮರಳಿದವರಿದ್ದಾರೆ.

ಎಷ್ಟು ದಿನ ಮಾತಾಡಬಾರದು?

ಒಬ್ಬೊಬ್ಬ ಡಾಕ್ಟರು ಒಂದೊಂದು ಹೇಳುತ್ತಾರೆ, ಹೆಚ್ಚಾಗಿ ಒಂದು ವಾರ ಅಥವಾ ಅದರ ಆಸುಪಾಸು. ಅಷ್ಟು ದಿನ ಪೂರ್ತಿ ಮೌನ. ಪಿಸುಮಾತೂ ಬೇಡ, ಅದರಲ್ಲೂ ಗಂಟಲು ಬಿಗಿಯುತ್ತದೆ. ಕೆಮ್ಮಿ ಕ್ಯಾಕರಿಸಿ ಗಂಟಲು ಸಾಫ್ ಮಾಡುವುದನ್ನು ಬಿಡಿ, ಒಂದು ಗುಟುಕು ನೀರು ಕುಡಿಯಿರಿ. ನೋಡಲು ಬರುವ ಬೀಗರಿಗೆ ಮೊದಲೇ ಹೇಳಿಡಿ. ಮಾತಾಡಿಸದೆ ಹೋದರೆ ಏನು ತಿಳಿದುಕೊಳ್ಳುತ್ತಾರೋ ಅಂತ ಎರಡನೇ ದಿನಕ್ಕೇ ಮೌನ ಮುರಿಯುವವರು ನಮ್ಮಲ್ಲಿ ಬಹಳ. ಒಂದು ಪಾಟಿ ಬಳಪ ಅಥವಾ ಮೊಬೈಲ್ ಸಾಕು.

ಆಮೇಲೆ ಯಾವ ವ್ಯಾಯಾಮ?

ಮೊದಲು ಮೆಲ್ಲಗೆ ‘ಮ್’ ಅನ್ನುವ ಗುಂಯ್‌ಗುಡುವಿಕೆ. ಆಮೇಲೆ ಸ್ಟ್ರಾ. ಲೋಟದಲ್ಲಿ ಎರಡು ಬೆರಳು ನೀರು ಹಾಕಿ, ಸ್ಟ್ರಾ ಮುಳುಗಿಸಿ, ‘ಊ’ ಅನ್ನುತ್ತಾ ಗುಳ್ಳೆ ಎಬ್ಬಿಸುವುದು. ನೋಡಿದರೆ ಮಕ್ಕಳಾಟ ಅನಿಸುತ್ತದೆ. ಆದರೆ ತುಟಿಯ ಕಡೆಯಿಂದ ಹಿಂದಕ್ಕೆ ಒತ್ತುವ ಗಾಳಿಯಿಂದ ಮಡಿಕೆಗಳು ಜೋರಾಗಿ ಬಡಿದಾಡದೆ ಕಂಪಿಸುವುದನ್ನು ಕಲಿಯುತ್ತವೆ. ದಿನಕ್ಕೆ ಒಮ್ಮೆ ಅರ್ಧ ಗಂಟೆ ಮಾಡುವುದಕ್ಕಿಂತ ಐದೈದು ನಿಮಿಷ ಹಲವು ಸಲ ಮಾಡುವುದು ಮೇಲು. ಈ ಭಾಗ ಬಿಟ್ಟರೆ ಎಷ್ಟು ಚೆನ್ನಾಗಿ ಕೂತ ಗ್ರಾಫ್ಟ್ ಕೂಡ ಹಳೆಯ ಹಿಸುಕಾಟದಡಿ ಸಿಕ್ಕಿಕೊಳ್ಳುತ್ತದೆ.

ಅಪಾಯ ಏನಾದರೂ ಇದೆಯಾ?

ಇದೆ. ಲೋಹದ ಕೊಳವೆ ಮೇಲಿನ ಹಲ್ಲಿಗೆ ಆತುಕೊಂಡಿರುತ್ತದೆ. ಹಲ್ಲು ಅಲುಗುತ್ತಿದ್ದರೆ ಮೊದಲೇ ಹೇಳಿ. ನಾಲಿಗೆ ಕೆಲವು ದಿನ ಜೋಮು ಹಿಡಿದಂತಿರಬಹುದು, ರುಚಿ ಕಡಿಮೆಯಾಗಬಹುದು. ಗ್ರಾಫ್ಟ್ ಜಾರಿ ಹೊರಬರಬಹುದು, ಸೋಂಕಾಗಬಹುದು, ಕೊಬ್ಬು ಬೇಕಾದ್ದಕ್ಕಿಂತ ಹೆಚ್ಚು ಕರಗಬಹುದು. ಎಲ್ಲಕ್ಕಿಂತ ದೊಡ್ಡದು ಹೊಸ ಕಲೆ.

ಖಾರ, ಚಹಾ, ಗುಟ್ಕಾ?

ಗುಟ್ಕಾ, ಬೀಡಿ, ಸಿಗರೇಟು ಬಿಡದೆ ಈ ಆಪರೇಷನ್ ಮಾಡಿಸುವುದರಲ್ಲಿ ಅರ್ಥ ಇಲ್ಲ. ತಂಬಾಕು ಬಳಸುವವರ ದನಿ ಮೂರು ವಾರ ದಾಟಿಯೂ ಕೆಟ್ಟೇ ಇದ್ದರೆ ಕಲೆ ಅಂತ ನೀವೇ ತೀರ್ಮಾನಿಸಬೇಡಿ. ಮೊದಲು ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಆಗಲಿ. ಖಾರಕ್ಕೆ ಪೂರ್ತಿ ಪಥ್ಯ ಬೇಕಿಲ್ಲ. ರಾತ್ರಿ ಹತ್ತಕ್ಕೆ ರೊಟ್ಟಿ, ರಂಜಕ ಉಂಡು ಹತ್ತೂವರೆಗೆ ಮಲಗುವ ರೂಢಿ ಮಾತ್ರ ಬಿಡಬೇಕು, ಹುಳಿ ಮೇಲೆ ಬಂದು ಗಾಯಕ್ಕೆ ತಾಗುತ್ತದೆ. ಜೇಷ್ಠಮಧು, ಜೇನು, ಮೆಣಸು ಬಗ್ಗೆ ಬಹಳ ಕೇಳುತ್ತಾರೆ. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುವಿಗೆ ತಾಗುವುದೇ ಇಲ್ಲ. ಹಬೆ ಮಾತ್ರ ನೇರ ಅಲ್ಲಿಗೆ ಮುಟ್ಟುತ್ತದೆ.

ಪ್ರಯೋಗಾಲಯದಲ್ಲಿ ಬೆಳೆಸಿದ ಧ್ವನಿತಂತು ಬಂದಿದೆಯಂತೆ?

2015ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ನೇಥನ್ ವೆಲ್ಹಮ್ ತಂಡ ಮನುಷ್ಯರ ಜೀವಕೋಶಗಳಿಂದ ಧ್ವನಿತಂತುವಿನ ಪೊರೆ ಬೆಳೆಸಿ, ನಾಯಿಯಿಂದ ತೆಗೆದ ಧ್ವನಿಪೆಟ್ಟಿಗೆಯಲ್ಲಿ ಕೂರಿಸಿ, ಗಾಳಿ ಹಾಯಿಸಿ ದನಿ ಬರಿಸಿತು. ನನಗೆ ಅದರ ಮೇಲೆ ತುಂಬ ಆಸೆ ಇದೆ. ಆದರೆ ಅದು ನಾಳೆಯೇ ದವಾಖಾನೆಗೆ ಬರುವ ಚಿಕಿತ್ಸೆ ಅಂತ ಕಾಯುತ್ತಾ ಕೂರಬೇಡಿ.

ಎಲ್ಲಿ ಮಾಡಿಸಬೇಕು? ಖರ್ಚು?

ತಪಾಸಣೆ ನಿಮ್ಮ ಜಿಲ್ಲೆಯಲ್ಲೇ ಶುರುವಾಗಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರರಲ್ಲೂ ಮೆಡಿಕಲ್ ಕಾಲೇಜುಗಳಿವೆ, ಇಎನ್‌ಟಿ ವಿಭಾಗಗಳಿವೆ. ಸ್ಟ್ರೋಬ್ ಇದೆಯಾ ಅಂತ ಮೊದಲು ಫೋನ್ ಮಾಡಿ ಕೇಳಿ, ಬಸ್ಸಿನ ಖರ್ಚು ಉಳಿಯುತ್ತದೆ. ಧ್ವನಿಯ ತಪಾಸಣೆ, ಚಿಕಿತ್ಸೆಗೆ 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಗ್ರಾಫ್ಟ್ ಮಟ್ಟದ ಕೆಲಸಕ್ಕೆ ಧ್ವನಿಯ ಆಪರೇಷನ್ನನ್ನೇ ಹೆಚ್ಚಾಗಿ ಮಾಡುವ ಡಾಕ್ಟರು ಬೇಕು. ಅದಕ್ಕೆ ಬೆಂಗಳೂರು, ಪುಣೆ, ಮುಂಬಯಿಗೆ ಹೋಗಬೇಕಾಗಬಹುದು. ಚಿಕಿತ್ಸೆಗೆ ಮಿರಜ, ಪುಣೆ ಕಡೆ ಹೋಗುವುದು ನಮ್ಮ ಭಾಗಕ್ಕೆ ಹೊಸದಲ್ಲ, ಅಲ್ವಾ? ಡಾಕ್ಟರಿಗೆ ನೇರವಾಗಿ ಕೇಳಿ: ಇಂಥ ಗ್ರಾಫ್ಟ್ ಎಷ್ಟು ಮಾಡಿದ್ದೀರಿ, ಒಂದು ವರ್ಷದ ಮೇಲೆ ಅವರ ದನಿ ಹೇಗಿದೆ? ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಈ ಆಪರೇಷನ್ ಬರುತ್ತದೆಯಾ ಅಂತ ಅಡ್ಮಿಟ್ ಆಗುವ ಮುಂಚೆಯೇ ಆರೋಗ್ಯ ಮಿತ್ರ ಕೌಂಟರಿನಲ್ಲಿ ವಿಚಾರಿಸಿ. ಖಾಸಗಿ ದವಾಖಾನೆಗೆ ಹೋಗುವುದಾದರೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಅನ್ನುವುದನ್ನೂ ಅಲ್ಲೇ ಕೇಳಿಕೊಳ್ಳಿ.

ಮೊದಲ ಸಲ ತೋರಿಸಲು ಬರುವಾಗ ಏನು ತರಬೇಕು?

ಹಿಂದಿನ ಆಪರೇಷನ್ನಿನ ಡಿಸ್ಚಾರ್ಜ್ ಕಾಗದ, ಬಯಾಪ್ಸಿ ರಿಪೋರ್ಟು, ಸ್ಟ್ರೋಬ್ ವಿಡಿಯೋ ಇದ್ದರೆ ಪೆನ್‌ಡ್ರೈವಿನಲ್ಲಿ. ಫೋಟೋ ಸಾಲದು, ಕಲೆ ಗೊತ್ತಾಗುವುದು ಕಂಪನದಲ್ಲಿ. ಈಗ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ. ಇನ್ನೊಂದು, ಯಾರೂ ತರುವುದಿಲ್ಲ ಆದರೆ ನನಗೆ ಬಹಳ ಉಪಯೋಗ: ದನಿ ಕೆಡುವ ಮುಂಚಿನ ರೆಕಾರ್ಡಿಂಗ್. ಮದುವೆ ವಿಡಿಯೋ, ಶಾಲೆಯ ಗ್ಯಾದರಿಂಗ್, ವಾಟ್ಸಾಪ್‌ನಲ್ಲಿ ಉಳಿದ ಹಳೆಯ ವಾಯ್ಸ್ ಮೆಸೇಜು, ಏನಾದರೂ ಸರಿ. ನಿಮ್ಮ ಸಹಜ ಶ್ರುತಿ ಯಾವುದಿತ್ತು, ಈಗ ಎಷ್ಟು ಜಾರಿದೆ, ಎಷ್ಟಕ್ಕೆ ಆಸೆ ಪಡಬಹುದು ಅನ್ನುವುದು ಅದರಿಂದ ನಮಗೂ ಡಾಕ್ಟರಿಗೂ ಗೊತ್ತಾಗುತ್ತದೆ. ಜೊತೆಗೆ ಮನೆಯವರೊಬ್ಬರು ಬರಲಿ. ಮೌನದ ವಾರದಲ್ಲಿ ನಿಮ್ಮ ಪರವಾಗಿ ಮಾತಾಡಬೇಕಾದವರು ಅವರೇ. ಏನು ಮಾಡಬೇಕು, ಏನು ಮಾಡಬಾರದು ಅಂತ ಅವರಿಗೂ ನಾನು ಅದೇ ದಿನ ಹೇಳಿ ಕಳಿಸುತ್ತೇನೆ.